ವ್ಯಾಂಕೊಮೈಸಿನ್ ಹನಿಗೂ ವೇಳೆಯ ಲೆಕ್ಕ ಬೇಕು

ಕಾರವಾರದಿಂದ ಭಟ್ಕಳದವರೆಗೆ ಯಾವ ಆಸ್ಪತ್ರೆಗೆ ಹೋದರೂ ಮಂಚದ ಪಕ್ಕ ಮನೆಯವರೊಬ್ಬರು ಕೂತಿರುತ್ತಾರೆ. ನಾನಿರುವ ಇಂಗ್ಲೆಂಡಿನಲ್ಲಿ ರಾತ್ರಿ ಆ ಜಾಗ ಸಾಮಾನ್ಯವಾಗಿ ಖಾಲಿ. ರಕ್ತನಾಳಕ್ಕೆ ಹೋಗುವ ಔಷಧಿಯ ಹನಿಯ ಲೆಕ್ಕವನ್ನು ಪಂಪ್ ಎಂಬ ಯಂತ್ರ ನೋಡಿಕೊಳ್ಳುತ್ತದೆ, ವೇಳೆಯನ್ನು ಸಿಸ್ಟರ್ ಚಾರ್ಟಿನಲ್ಲಿ ಬರೆಯುತ್ತಾರೆ. ಪಂಪ್ ಇಲ್ಲದ ಕಡೆಯೂ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ಕನ್ನು ಸರಿಯಾಗಿ ಕೊಡಬಹುದು. ಆದರೆ ಪಕ್ಕದಲ್ಲಿ ಕೂತವರಿಗೆ ಯಾರೂ ಏನನ್ನೂ ಹೇಳಿರುವುದಿಲ್ಲ. ನನ್ನ ತಕರಾರು ಅದೇ.

ಪೆನಿಸಿಲಿನ್ ಜಾತಿಯ ಔಷಧಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ, ಮೂಳೆಗೆ, ಹೃದಯದ ಕವಾಟಕ್ಕೆ ಇಳಿದಾಗ ಬೇಕಾಗುವ ಔಷಧಿ ಇದು. ನುಂಗಿದರೆ ಕರುಳಿನಿಂದ ರಕ್ತಕ್ಕೆ ಹೋಗುವುದಿಲ್ಲ, ಹಾಗಾಗಿ ರಕ್ತನಾಳಕ್ಕೇ ಕೊಡಬೇಕು. ಡೋಸ್ ನಿಂತಿರುವುದು ತೂಕದ ಮೇಲೆ, ಕೆಜಿಗೆ 15ರಿಂದ 20 ಮಿಗ್ರಾಂ. ಎಷ್ಟು ಗಂಟೆಗೊಮ್ಮೆ ಎಂಬುದನ್ನು ಕಿಡ್ನಿ ನಿರ್ಧರಿಸುತ್ತದೆ. ತೂಕವನ್ನು ಅಂದಾಜಿನಲ್ಲಿ ಬರೆಯುವುದು ಮೊದಲ ತಪ್ಪು.

ಎರಡನೆಯ ತಪ್ಪು ಅವಸರ. "ಸಿಸ್ಟರ್, ಸಲೈನ್ ಬೇಗ ಬಿಡಿ, ಊಟ ಮಾಡಿಸಬೇಕು" ಎನ್ನುತ್ತಾ ನಳಿಕೆಯ ಚಕ್ರವನ್ನು ತಾವೇ ತಿರುಗಿಸುವವರಿದ್ದಾರೆ. ಈ ಔಷಧಿ ನಿಮಿಷಕ್ಕೆ 10 ಮಿಗ್ರಾಂಗಿಂತ ಹೆಚ್ಚು ಹೋಗಬಾರದು. 1 ಗ್ರಾಂ ಔಷಧಿಯನ್ನು 250 ಮಿಲಿ ನಾರ್ಮಲ್ ಸಲೈನ್‌ನಲ್ಲಿ ಬೆರೆಸಿದರೆ 100 ನಿಮಿಷ ಹಿಡಿಯಬೇಕು. ಮಿಲಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ಅದು ನಿಮಿಷಕ್ಕೆ 50 ಹನಿ. ಗಡಿಯಾರ ನೋಡಿ ಎಣಿಸಲು ಯಾರಿಗಾದರೂ ಬರುತ್ತದೆ. ಹೆಚ್ಚಾಗಿದ್ದರೆ ಕೈ ಹಾಕದೆ ಸಿಸ್ಟರನ್ನು ಕರೆಯಿರಿ.

ವೇಗ ಹೆಚ್ಚಾದರೆ ಮುಖ, ಕುತ್ತಿಗೆ, ಎದೆ ಕೆಂಪಾಗಿ ತುರಿಸುತ್ತದೆ, ಕೆಲವೊಮ್ಮೆ ಬಿಪಿ ಇಳಿಯುತ್ತದೆ. ಇದು ಬಹುತೇಕ ವೇಗದ ಪರಿಣಾಮ, ಅಲರ್ಜಿಯಲ್ಲ. ಸಿಸ್ಟರ್ ಅದನ್ನು ನಿಲ್ಲಿಸಿ, ತುರಿಕೆ ಇಳಿದ ಮೇಲೆ ನಿಧಾನವಾಗಿ ಮತ್ತೆ ಕೊಡಬಹುದು. ಫೈಲಿನ ಮೇಲೆ 'ಅಲರ್ಜಿ' ಎಂದು ಬರೆದುಬಿಟ್ಟರೆ ರೋಗಿಗೆ ಬೇಕಾದ ಔಷಧಿಯೇ ಕೈತಪ್ಪುತ್ತದೆ. ಉಸಿರುಕಟ್ಟಿದರೆ, ನಾಲಿಗೆ ಬಾತರೆ ಮಾತ್ರ ವಿಷಯವೇ ಬೇರೆ, ಅದು ನಿಜವಾದ ಅಲರ್ಜಿಯಿರಬಹುದು, ಆಗ ಕ್ಷಣವೂ ಕಾಯುವಂತಿಲ್ಲ. ಸೂಜಿ ಚುಚ್ಚಿದ ಜಾಗ ಉರಿದು ಬಾತರೂ ತಕ್ಷಣ ನಿಲ್ಲಿಸಬೇಕು, ಔಷಧಿ ಹೊರಗೆ ಸೋರಿದರೆ ಅಲ್ಲಿನ ಮಾಂಸ ಕೊಳೆಯಬಹುದು.

ರಕ್ತದಲ್ಲಿ ಹೆಚ್ಚಾದರೆ ಈ ಔಷಧಿ ಕಿಡ್ನಿಗೆ ಪೆಟ್ಟು ಕೊಡಬಹುದು. ಆ ವಿಷಯದಲ್ಲಿ ಇಂಗ್ಲೆಂಡಿನ ಪದ್ಧತಿಯೇ ನನಗೆ ಮೇಲೆನಿಸುತ್ತದೆ. ಅಲ್ಲಿ ರಕ್ತದಲ್ಲಿರುವ ಔಷಧಿಯ ಮಟ್ಟ ಅಳೆದು ಡೋಸ್ ತಿದ್ದುತ್ತಾರೆ. ಮುಂದಿನ ಡೋಸಿಗೆ ಸ್ವಲ್ಪ ಮೊದಲು, ಔಷಧಿ ಹೋಗುವ ನಳಿಕೆಯಿಂದಲ್ಲದೆ ಇನ್ನೊಂದು ಕೈಯಿಂದ ರಕ್ತ ತೆಗೆದು, ತೆಗೆದ ವೇಳೆ ಬರೆಯಬೇಕು. ವೇಳೆ ಇಲ್ಲದ ಫಲಿತಾಂಶಕ್ಕೆ ಅರ್ಥವಿಲ್ಲ. ಈ ಪರೀಕ್ಷೆ ಸಿಗದ ಕಡೆ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ನೋಡಬೇಕು, ಮೂತ್ರವನ್ನೂ ಅಳೆದು ಬರೆಯಬೇಕು. ಅಳೆಯುವ ಕೆಲಸವನ್ನು ಮನೆಯವರು ಸಿಸ್ಟರಿಗಿಂತ ಚೆನ್ನಾಗಿ ಮಾಡುತ್ತಾರೆ. ಜೊತೆಗೆ ಡೈಕ್ಲೊಫೆನಾಕ್‌ನಂಥ ನೋವಿನ ಇಂಜೆಕ್ಷನ್, ಜೆಂಟಾಮೈಸಿನ್, ಪೈಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎಂಬ ಬೇರೆ ಆಂಟಿಬಯಾಟಿಕ್ಕುಗಳು ನಡೆಯುತ್ತಿದ್ದರೆ ಕಿಡ್ನಿಗೆ ಅಪಾಯ ಹೆಚ್ಚು.

ದೊಡ್ಡ ಔಷಧಿ ಎಂದಮಾತ್ರಕ್ಕೆ ಎಲ್ಲದಕ್ಕೂ ಆಗುವುದಿಲ್ಲ. ಮೀನಿನ ಮುಳ್ಳು ಚುಚ್ಚಿ ಸಮುದ್ರದ ನೀರು ತಗುಲಿದ ಗಾಯದಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದರ ಮೇಲೆ ವ್ಯಾಂಕೊಮೈಸಿನ್ ನಡೆಯದು. ಗಾಯ ಹೇಗಾಯಿತೆಂದು ಡಾಕ್ಟರಿಗೆ ಮೊದಲೇ ಹೇಳಿ. ಸಿದ್ದಾಪುರದ ಕಡೆಯ ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕೆ ಯಾವ ಆಂಟಿಬಯಾಟಿಕ್ಕೂ ಮದ್ದಲ್ಲ. ಆದ್ದರಿಂದಲೇ ಮೊದಲ ಡೋಸಿಗೆ ಮುಂಚೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ ರಕ್ತ, ತೆಗೆಯಬೇಕು. ಬಿಪಿ ಕುಸಿದ ರೋಗಿಗೆ ಮಾತ್ರ ಅದಕ್ಕಾಗಿ ಔಷಧಿ ತಡಮಾಡಬಾರದು.

ಕಾರವಾರದಿಂದ ಗೋವಾಕ್ಕೆ, ಶಿರಸಿಯಿಂದ ಹುಬ್ಬಳ್ಳಿಗೆ, ಭಟ್ಕಳದಿಂದ ಮಣಿಪಾಲಕ್ಕೆ ರೋಗಿಯನ್ನು ಒಯ್ಯುವಾಗ ಒಂದು ಚೀಟಿ ಬರೆಸಿಕೊಳ್ಳಿ: ತೂಕ, ಕೊನೆಯ ಡೋಸ್ ಎಷ್ಟು, ಅದು ಮುಗಿದ ಗಂಟೆ, ಕೊನೆಯ ಕ್ರಿಯಾಟಿನಿನ್, ಕಲ್ಚರ್ ಕಳಿಸಿದ ದಿನ ಮತ್ತು ಲ್ಯಾಬಿನ ಫೋನ್ ನಂಬರ್. ಈ ಚೀಟಿ ಇಲ್ಲದಿದ್ದರೆ ಅಲ್ಲಿನವರು ಔಷಧಿ ಈಗಷ್ಟೇ ಶುರು ಎಂದುಕೊಂಡು ಶುರುವಿಗೆ ಮಾತ್ರ ಕೊಡುವ ದೊಡ್ಡ ಡೋಸನ್ನು ಇನ್ನೊಮ್ಮೆ ಕೊಡುವ ಸಂಭವವಿದೆ.