ಉದುರಿದ ಬೀಜದಿಂದ ಕುಳ್ಳ ತಳಿ ಉಳಿಯುವುದಿಲ್ಲ

ಕೊಲಂಬೈನ್ ಎಂಬ ಹೂಗಿಡದ ಕುಳ್ಳ ತಳಿಯನ್ನು ಒಮ್ಮೆ ನೆಟ್ಟರೆ ಸಾಕು, ಉದುರಿದ ಬೀಜಗಳಿಂದಲೇ ಅದೇ ಎತ್ತರದ, ಅದೇ ಬಣ್ಣದ ಗಿಡಗಳು ವರ್ಷ ವರ್ಷವೂ ಹುಟ್ಟುತ್ತವೆ ಎಂದು ಈ ಗಿಡದ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದ ಮಾತನ್ನು ನಾನು ಒಪ್ಪಲಾರೆ. ಕೊಲಂಬೈನ್ ಪ್ರಭೇದಗಳು ಒಂದರೊಡನೊಂದು ಬಹಳ ಸುಲಭವಾಗಿ ಬೆರಕೆಯಾಗುತ್ತವೆ. ಹತ್ತಿರದಲ್ಲಿ ಎರಡು ಮೂರು ಅಡಿ ಬೆಳೆಯುವ ತಳಿಯೂ ಇದ್ದರೆ ದುಂಬಿ, ಜೇನ್ನೊಣಗಳು ಪರಾಗವನ್ನು ಅತ್ತಿಂದಿತ್ತ ಒಯ್ಯುವುದರಿಂದ, ಮುಂದೆ ಹುಟ್ಟುವ ಸಸಿಗಳಲ್ಲಿ ಹಲವು ತಾಯಿಗಿಡದ ಒತ್ತಾದ, ಗಿಡ್ಡ ರೂಪವನ್ನು ಕಳೆದುಕೊಂಡಿರುತ್ತವೆ. ಇದು ಬಹುವಾರ್ಷಿಕ ಗಿಡವಾದರೂ ಆಯುಸ್ಸು ಸಾಮಾನ್ಯವಾಗಿ 3–4 ವರ್ಷಗಳಷ್ಟೇ ಆದ್ದರಿಂದ, ಮೂಲ ಗಿಡಗಳು ಸೊರಗುವ ಹೊತ್ತಿಗೆ ಪಾತಿಯಲ್ಲಿ ಬೆರಕೆ ಸಸಿಗಳೇ ತುಂಬಿಕೊಂಡಿರುತ್ತವೆ.

ತಳಿಯ ಗುಣ ಉಳಿಯಬೇಕೆಂದಿದ್ದರೆ ಹೂದಂಟುಗಳನ್ನು ಕಾಯಿ ಹಸಿರಾಗಿರುವಾಗಲೇ ಕತ್ತರಿಸಬೇಕು. ನೆಟ್ಟಗೆ ಗೊಂಚಲಾಗಿ ನಿಲ್ಲುವ ಐದು ಸಣ್ಣ ಕೋಡುಗಳು ಒಣಗಿ ತುದಿಯಲ್ಲಿ ಬಾಯಿ ಬಿಟ್ಟವೆಂದರೆ, ದಂಟು ಸ್ವಲ್ಪ ಅಲುಗಿದರೂ ಮಿರುಗುವ ಕಪ್ಪು ಬೀಜಗಳು ಸುತ್ತಲೂ ಚೆಲ್ಲಿಹೋಗುತ್ತವೆ. ಹೊಸ ಗಿಡಗಳಿಗೆ ನಂಬಿಕಸ್ಥರಿಂದ ತಂದ ಬೀಜವೇ ಲೇಸು.

ಬೀಜದ ಮೇಲೆ ಅರ್ಧ ಇಂಚು ಮಣ್ಣು ಮುಚ್ಚಬೇಕೆಂಬ ಆ ಲೇಖನದ ಸಲಹೆಯನ್ನೂ ದಯವಿಟ್ಟು ತಿದ್ದಬೇಕು. ಈ ಬೀಜಗಳು ಮೊಳೆಯಲು ಬೆಳಕು ಬೇಕು. ತೇವದ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು. ಅದಕ್ಕೂ ಮೊದಲು ಮೂರು ನಾಲ್ಕು ವಾರ ತೇವದಲ್ಲಿಟ್ಟು ಫ್ರಿಜ್‌ನ ತಂಪು ಕೊಟ್ಟರೆ ಮೊಳಕೆ ಹೆಚ್ಚು ಸಮನಾಗಿ ಬರುತ್ತದೆ. ತಾಯಿಬೇರು ಆಳಕ್ಕೆ ಇಳಿಯುವ ಗಿಡವಾದ್ದರಿಂದ ಸಸಿಗಳನ್ನು ಎಳೆಯದರಲ್ಲೇ ಅವುಗಳ ಜಾಗಕ್ಕೆ ನೆಡಬೇಕು.