ರೀಫ್ರೈಡ್ ಬೀನ್ಸ್‌ಗೆ ಕ್ರೀಮ್ ಬೇಡ, ಕಟ್ಟು ಸಾಕು

ರೀಫ್ರೈಡ್ ಬೀನ್ಸ್ ಅಂದರೆ ಬೇಯಿಸಿದ ಕಾಳನ್ನು ಬಾಣಲೆಯಲ್ಲಿ ಒತ್ತಿ ಹುರಿಯುವ ಮೆಕ್ಸಿಕೋದ ಅಡುಗೆ. ಅದನ್ನು ಮಾಡಿ ನಮ್ಮವರು ಹಾಕುವ ವೀಡಿಯೊಗಳನ್ನು ನೋಡುವಾಗ ನನಗೆ ಪ್ರತಿ ಸಲ ಒಂದೇ ಜಾಗದಲ್ಲಿ ಸಂಕಟ ಆಗುತ್ತದೆ. ರಾಜ್ಮಾ ಚೆನ್ನಾಗಿಯೇ ಬೇಯಿಸಿರುತ್ತಾರೆ. ಆಮೇಲೆ ಜರಡಿಗೆ ಸುರಿದು ಬೆಂದ ನೀರನ್ನೆಲ್ಲ ಸಿಂಕಿಗೆ ಬಿಡುತ್ತಾರೆ. ಬರೀ ಕಾಳನ್ನು ಮಿಕ್ಸಿಗೆ ಹಾಕಿ, ಗಟ್ಟಿಯಾಯ್ತು ಅಂತ ಫ್ರೆಶ್ ಕ್ರೀಮ್, ಚೀಸ್, ಬೆಣ್ಣೆ ಎಲ್ಲ ಸುರಿಯುತ್ತಾರೆ. ಬಸ್ಸಾರು ಮಾಡುವ ಜನ ನಾವು. ಒಬ್ಬಟ್ಟು ಮಾಡಿದ ದಿನ ಬೇಳೆ ಕಟ್ಟನ್ನು ಒಂದು ಹನಿ ಬಿಡದೆ ಎತ್ತಿಟ್ಟು ಸಾರು ಮಾಡುವವರು. ಕಾಳಿನ ರುಚಿ ಅರ್ಧ ಕಟ್ಟಿನಲ್ಲೇ ಇರುತ್ತದೆ ಅಂತ ನಮಗೆ ಗೊತ್ತಿಲ್ವಾ?

ಮೆಕ್ಸಿಕೋದ ಮನೆಗಳಲ್ಲಿ ಇದು ಸಾಮಾನ್ಯವಾಗಿ ಎರಡು ಸುತ್ತಿನ ಅಡುಗೆ. ಮೊದಲು ಕಾಳನ್ನು ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನ ಜೊತೆ ಮಡಕೆಯಲ್ಲಿ ನಿಧಾನಕ್ಕೆ ಬೇಯಿಸುತ್ತಾರೆ. ಅದಕ್ಕೆ ಫ್ರಿಹೋಲೆಸ್ ದೆ ಲಾ ಓಯಾ ಅಂತ ಹೆಸರು. ಕಟ್ಟಿನ ಸಮೇತ ಬಟ್ಟಲಿಗೆ ಹಾಕಿಕೊಂಡು ಬಿಸಿ ಟೋರ್ಟಿಯಾ, ಅಂದರೆ ಅಲ್ಲಿನ ತೆಳು ರೊಟ್ಟಿಯ ಜೊತೆ ತಿನ್ನುತ್ತಾರೆ. ಮಿಕ್ಕಿದ್ದು ಮಾರನೆಯ ದಿನ ಬಾಣಲೆಗೆ ಹೋಗಿ ಫ್ರಿಹೋಲೆಸ್ ರೆಫ್ರಿತೋಸ್ ಆಗುತ್ತದೆ. ಮೊದಲ ಸುತ್ತು ಚೆನ್ನಾಗಿ ಆಗದೆ ಎರಡನೆಯದು ಆಗೋದೇ ಇಲ್ಲ. ಅಮೆರಿಕದಲ್ಲಿ ಡಬ್ಬಿ ಬೀನ್ಸ್ ತಿಂದು ಇದೇನು ಸಪ್ಪೆ ಪೇಸ್ಟ್ ಅಂದುಕೊಂಡಿರುವ ನಮ್ಮ ಹುಡುಗರು ಒಮ್ಮೆ ಮನೆಯಲ್ಲಿ ಮಾಡಿ ನೋಡಬೇಕು.

ಮೆಕ್ಸಿಕೋದಲ್ಲಿ ಯಾವ ಕಾಳು ಅನ್ನೋದು ಊರಿಂದ ಊರಿಗೆ ಬೇರೆ. ಉತ್ತರದ ಕಡೆ ಚುಕ್ಕೆ ಚುಕ್ಕೆಯ ಪಿಂಟೊ. ಹಾಲಿಸ್ಕೊ ಕಡೆ ಪೆರುವಾನೊ ಅನ್ನುವ ಹಳದಿ ಕಾಳು, ಅದರ ನುಣುಪೇ ಬೇರೆ. ವೆರಾಕ್ರೂಜ್, ಒಹಾಕಾ, ಯುಕತಾನ್ ಕಡೆ ಕಪ್ಪು ಕಾಳು. ಒಹಾಕಾದಲ್ಲಿ ಒಣಗಿದ ಬೆಣ್ಣೆಹಣ್ಣಿನ ಮರದ ಎಲೆಯನ್ನು ಸ್ವಲ್ಪ ಬಾಡಿಸಿ ಹಾಕುತ್ತಾರೆ, ಸೋಂಪಿನ ಥರ ಪರಿಮಳ ಬರುತ್ತದೆ. ನಮ್ಮ ರಾಜ್ಮಾ ಕೂಡ ಇದೇ ಜಾತಿಯದು, ಪಲ್ಯಕ್ಕೆ ಹೆಚ್ಚುವ ಬೀನ್ಸ್ ಕಾಯಿಯೂ ಅದೇ ಜಾತಿ. ಪಿಂಟೊ ಸಿಗದಿದ್ದರೆ ಕೆಂಪು ರಾಜ್ಮಾ ಬಿಟ್ಟು ಚಿತ್ರಾ ರಾಜ್ಮಾ ತಗೊಳ್ಳಿ. ಅದು ಹಿಟ್ಟು ಹಿಟ್ಟಾಗಿ ಬೇಯುತ್ತದೆ.

250 ಗ್ರಾಂ ಕಾಳನ್ನು ರಾತ್ರಿ ಒಂದು ಚಮಚ ಉಪ್ಪು ಹಾಕಿದ ನೀರಿನಲ್ಲಿ ನೆನೆಸಿ. ಉಪ್ಪು ಹಾಕಿದರೆ ಕಾಳು ಬೇಯೋದಿಲ್ಲ ಅಂತ ಜಾಸ್ತಿ ಜನ ನಂಬಿದ್ದಾರೆ, ಆಗೋದು ಅದಕ್ಕೆ ಉಲ್ಟಾ. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವ ಕ್ಯಾಲ್ಸಿಯಂ ಜಾಗಕ್ಕೆ ಉಪ್ಪಿನ ಸೋಡಿಯಂ ಹೋಗಿ ಸೇರುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಕಾಳು ಬೇಯದೆ ಸತಾಯಿಸೋದೂ ಇದೇ ಕಾರಣಕ್ಕೆ, ಆ ನೀರಿನಲ್ಲೇ ಕ್ಯಾಲ್ಸಿಯಂ ಜಾಸ್ತಿ. ಗಡಸು ನೀರು ಬರುವ ಮನೆಯವರು ಕುಡಿಯುವ ನೀರಿನಲ್ಲೇ ನೆನೆಸಿ, ಅದರಲ್ಲೇ ಬೇಯಿಸಿ. ಟೊಮೆಟೊ, ನಿಂಬೆಹಣ್ಣು ಬೇಯುವಾಗ ಹಾಕಲೇಬೇಡಿ, ಹುಳಿಗೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ.

ನೆನೆಸಿದ ನೀರು ಬೇಕಾದರೆ ಚೆಲ್ಲಿ, ಅದಕ್ಕೆ ನನ್ನ ತಕರಾರಿಲ್ಲ. ಹೊಸ ನೀರು, ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಕುಕ್ಕರ್ ಕೂಗಿಸಿ. ಬೆರಳಲ್ಲಿ ಒತ್ತಿದರೆ ಕಾಳಿನ ನಡುವೆ ಒಂದಿಷ್ಟೂ ಗಟ್ಟಿ ಸಿಗಬಾರದು, ಸಿಕ್ಕರೆ ಇನ್ನೂ ಎರಡು ಕೂಗು. ಸ್ಲೋ ಕುಕ್ಕರ್ ಇಟ್ಟುಕೊಂಡವರಿಗೆ ಒಂದು ಮಾತು. ಕೆಂಪು ರಾಜ್ಮಾವನ್ನು ಹಸಿಯಾಗಿ ಅದಕ್ಕೆ ಹಾಕಬೇಡಿ. ಆ ಕಾಳಿನಲ್ಲಿರುವ ವಿಷದ ಅಂಶ ಹೋಗಬೇಕಾದರೆ ಕನಿಷ್ಠ 10 ನಿಮಿಷ ಕೊತಕೊತ ಕುದಿಯಬೇಕು, ಸಣ್ಣ ಶಾಖಕ್ಕೆ ಅದು ಹೋಗೋದಿಲ್ಲ.

ಈಗ ಬಾಣಲೆ. ದಪ್ಪ ತಳದ್ದು ಇರಲಿ, ಕಬ್ಬಿಣದ್ದಾದರೆ ಇನ್ನೂ ಒಳ್ಳೆಯದು. ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಕಂದು ಬಣ್ಣ ಬರುವವರೆಗೆ ಹುರಿಯಿರಿ. ಕಾಳನ್ನು ಒಂದು ಸೌಟು ಕಟ್ಟಿನ ಜೊತೆ ಹಾಕಿದ ತಕ್ಷಣ ಜೋರಾಗಿ ಚುರ್ ಅನ್ನಬೇಕು. ಪಾವ್ ಭಾಜಿ ಮ್ಯಾಷರ್ ತಗೊಂಡು ಬಾಣಲೆಯಲ್ಲೇ ಒತ್ತುತ್ತಾ ಹೋಗಿ, ಗಟ್ಟಿಯಾದಂತೆಲ್ಲ ಇನ್ನೊಂದು ಸೌಟು ಕಟ್ಟು. ಒಡೆದ ಕಾಳಿನ ಹಿಟ್ಟು, ಕಟ್ಟು, ಎಣ್ಣೆ ಮೂರೂ ಒಂದಾಗಿ ಬೆರೆತಾಗ ಬರುವ ನುಣುಪು ಇದೆಯಲ್ಲ, ಯಾವ ಕ್ರೀಮ್ ಹಾಕಿದರೂ ಅದು ಬರೋದಿಲ್ಲ. ಸೌಟಿನಿಂದ ನಡುವೆ ಒಂದು ಗೆರೆ ಎಳೆದು ನೋಡಿ. ಬಾಣಲೆಯ ತಳ ಒಂದು ಕ್ಷಣ ಕಂಡು, ಎರಡು ಕಡೆಯಿಂದಲೂ ಮೆಲ್ಲಗೆ ಜಾರಿ ಬಂದು ಮುಚ್ಚಿಕೊಂಡರೆ ಸರಿಯಾದ ಹದ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಿ, ಆರಿದ ಮೇಲೆ ತಾನಾಗಿ ಬಿಗಿಯುತ್ತದೆ. ಅಲ್ಲೊಂದು ಇಲ್ಲೊಂದು ಕಾಳು ಇಡಿಯಾಗಿ ಉಳಿದರೆ ಉಳಿಯಲಿ, ನನಗೆ ಹಾಗಿದ್ದರೇ ಇಷ್ಟ. ಗರಂ ಮಸಾಲಾ ದಯವಿಟ್ಟು ಬೇಡ.

ಎಣ್ಣೆ ಅಂದೆ, ಆದರೆ ಅಲ್ಲಿನ ಪದ್ಧತಿಯಲ್ಲಿ ಹಾಕೋದು ಮಾಂತೆಕಾ, ಹಂದಿಯ ಕೊಬ್ಬು. ಹಂದಿ ಆ ನೆಲಕ್ಕೆ ಬಂದಿದ್ದು ಸ್ಪೇನಿನವರ ಜೊತೆ, 16ನೇ ಶತಮಾನದಲ್ಲಿ. ಅದಕ್ಕೂ ಮೊದಲು ಸಾವಿರಾರು ವರ್ಷ ಅಲ್ಲಿನ ಜನ ಕಾಳು ಬೆಳೆದು ಬೇಯಿಸಿ ತಿಂದಿದ್ದಾರೆ. ಹಾಗಾಗಿ ಕೊಬ್ಬು ಹಾಕದಿದ್ದರೆ ಅಸಲಿ ಅಲ್ಲ ಅಂತ ಸಸ್ಯಾಹಾರಿಗಳನ್ನು ಹೀಯಾಳಿಸುವವರ ಮಾತು ನಾನು ಒಪ್ಪೋದಿಲ್ಲ. ಮಾಂಸ ತಿನ್ನುವವರು ಖಂಡಿತ ಮಾಂತೆಕಾದಲ್ಲೇ ಮಾಡಿ, ಆ ರುಚಿಗೆ ಸಾಟಿ ಇಲ್ಲ. ಉಳಿದವರಿಗೆ ಕಡಲೆಕಾಯಿ ಎಣ್ಣೆ ಚೆನ್ನಾಗಿ ಹೊಂದುತ್ತದೆ. ತುಪ್ಪದ ಘಮ ಕಾಳಿನ ರುಚಿಯನ್ನೇ ಮುಚ್ಚಿಬಿಡುತ್ತದೆ, ನನಗಂತೂ ಬೇಡ.

ಟೆಕ್ಸಸ್, ಕ್ಯಾಲಿಫೋರ್ನಿಯಾ ಕಡೆ ಇರುವ ನಮ್ಮ ಸಸ್ಯಾಹಾರಿಗಳು ಟೋರ್ಟಿಯಾದಲ್ಲಿ ಬೀನ್ಸ್ ಸುತ್ತಿಕೊಡುವ ಬೀನ್ ಬರಿಟೊ ಅಂದರೆ ಸೇಫ್ ಅಂದುಕೊಂಡು ಸುಮ್ನೆ ಆರ್ಡರ್ ಮಾಡಬೇಡಿ. ಮಾಂತೆಕಾ ಹಾಕಿದ್ದೀರಾ ಅಂತ ಬಾಯಿಬಿಟ್ಟು ಕೇಳಿ. ಮಾಂಸ ಇಲ್ಲ ಅಂದ ಮಾತ್ರಕ್ಕೆ ಕೊಬ್ಬು ಇಲ್ಲ ಅಂತ ಅರ್ಥ ಅಲ್ಲ. ಡಬ್ಬಿ ಕೊಳ್ಳುವಾಗಲೂ ಹಿಂದಿನ ಲೇಬಲ್ ಓದಿ, ಹಂದಿ ಕೊಬ್ಬು ಇರುವುದೂ ಇಲ್ಲದ್ದೂ ಒಂದೇ ಶೆಲ್ಫಿನಲ್ಲಿ ಅಕ್ಕಪಕ್ಕ ಇರುತ್ತವೆ.

ಮಿಕ್ಕರೆ ಮೆಕ್ಸಿಕೋದವರ ಹಾಗೆ ಬೆಳಿಗ್ಗೆ ಮೊಯೆತೆಸ್ ಮಾಡಿ. ಅಲ್ಲಿ ಬೊಲಿಯೊ ಅನ್ನುವ ಬ್ರೆಡ್ಡನ್ನು ಉದ್ದಕ್ಕೆ ಸೀಳಿ, ಬೀನ್ಸ್ ದಪ್ಪಗೆ ಸವರಿ, ಮೇಲೆ ಚೀಸ್ ಉದುರಿಸಿ ಸುಡುತ್ತಾರೆ. ನಮ್ಮಲ್ಲಿ ಪಾವ್ ಅಥವಾ ಬೇಕರಿಯ ಖಾರ ಬನ್ ಆದೀತು. ಒಲೆಯಿಂದ ತೆಗೆದ ಮೇಲೆ ಹಸಿ ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸಣ್ಣಗೆ ಹೆಚ್ಚಿ ನಿಂಬೆರಸ ಹಿಂಡಿ ಮೇಲೆ ಹಾಕಿ. ಚೀಸ್ ಬೇಕಾದರೆ ಇಲ್ಲಿ ಹಾಕಿಕೊಳ್ಳಿ, ಎಷ್ಟು ಬೇಕೋ ಅಷ್ಟು.