ಹಾಯಿ ಪೂರ್ತಿ ಇಳಿಸಿದರೆ ಕೆಟ್ಟಿರಿ
ಹಾಯಿದೋಣಿ ನಡೆಸುವುದರ ಬಗ್ಗೆ ನಿಮ್ಮ ಲೇಖನದಲ್ಲಿ "ಗಾಳಿ ಜಾಸ್ತಿಯಾದ ಕೂಡಲೇ ಹಾಯಿ ಪೂರ್ತಿ ಇಳಿಸಿಬಿಡಿ" ಅಂತ ಬರೆದಿದ್ದೀರಿ. ಇದೊಂದು ಮಾತು ನಾನು ಒಪ್ಪುವುದಿಲ್ಲ. ಹಾಯಿ ಇಲ್ಲದ ದೋಣಿಗೆ ವೇಗ ಇಲ್ಲ, ವೇಗ ಇಲ್ಲದಿದ್ದರೆ ಚುಕ್ಕಾಣಿ ಸುಮ್ನೆ ಒಂದು ಹಲಗೆ. ದೋಣಿ ಅಲೆಗೆ ಅಡ್ಡ ತಿರುಗಿ ಹೊಯ್ದಾಡುತ್ತದೆ. ಅಪಾಯ ಅದೇ ಅಲ್ವಾ? ಇಳಿಸುವ ಬದಲು ಹಾಯಿಯ ಒಂದು ಭಾಗ ಮಡಿಸಿ ಕಟ್ಟಿ ಕಿರಿದು ಮಾಡಿ, ಅಂದರೆ ರೀಫ್ ಹಾಕಿ. ಅದೂ ದಡದಲ್ಲಿದ್ದಾಗಲೇ. ಗಾಳಿಯ ವೇಗ 2 ಪಟ್ಟಾದರೆ ಹಾಯಿ ಮೇಲಿನ ಒತ್ತಡ 4 ಪಟ್ಟು. ನಡುನೀರಲ್ಲಿ ಒಂದೇ ಕೈಯಲ್ಲಿ ಗಂಟು ಬಿಗಿಯುವುದು ಆಗದ ಮಾತು.

ನಮ್ಮೂರು ಬಾಗಲಕೋಟೆ. ಹಾಯಿದೋಣಿ ಕಲಿತದ್ದು ಗೋವಾದಲ್ಲಿ, ಆದರೆ ಗಾಳಿ ಓದುವುದನ್ನು ಕಲಿತದ್ದು ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಕೂತು. ಮುಂಗಾರಿನ ಪಡುವಣ ಗಾಳಿಗೆ ನೀರಿನ ಮೇಲೆ ಕಪ್ಪನೆಯ ಕಲೆಯೊಂದು ಓಡಿ ಬರುತ್ತದೆ ನೋಡಿ, ರಭಸದ ಗಾಳಿ ಇರುವುದು ಅಲ್ಲಿ. ಅದು ತಾಗುವ ಹೊತ್ತಿಗೆ ಹಾಯಿಹಗ್ಗ ಗೇಣುದ್ದ ಸಡಿಲಿಸಿ, ಅಂಚಿನಾಚೆ ಮೈ ಚಾಚಿ ಕೂತರೆ ದೋಣಿ ವಾಲುವ ಬದಲು ಮುಂದಕ್ಕೆ ಚಿಮ್ಮುತ್ತದೆ. ಆ ಖುಷಿಯೇ ಬೇರೆ.

ಗೋವಾದಲ್ಲಿ ಮೊದಲ ಸಲ ನಾನು ಈ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದೆ. ಬಿಡಲಾಗಲಿಲ್ಲ, ದೋಣಿ ಮಗುಚಿತು. ಬಾಯಿ ತುಂಬ ಉಪ್ಪುನೀರು (ಪುಣ್ಯಕ್ಕೆ ಲೈಫ್ ಜಾಕೆಟ್ ಇತ್ತು). ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ ಅನ್ನುವ ಮಾತು ನಿಮ್ಮ ಲೇಖನದಲ್ಲಿ ಬರಲೇ ಇಲ್ಲ.